ಏಳನೇ ಗೂಟದ ನೀರು

ದೋಣಿಮನೆ
ಬುಧವಾರ, ಹದಿನಾಲ್ಕನೇ ತಾರೀಖು
ಮಧ್ಯಾಹ್ನ ಮೂರೂವರೆ

ಮಾನ್ಯ ನೀರು ಪರೀಕ್ಷಕರಿಗೆ,

ಹೀಗೆ ಶುರುಮಾಡಿ ಆಗಲೇ ಎರಡು ಹಾಳೆ ಹರಿದುಹಾಕಿದೆ. ಹನ್ನೆರಡು ವರ್ಷ ಒಂದೇ ಸೂರಿನಡಿ ಸಂಸಾರ ಮಾಡಿದವರನ್ನು ‘ಮಾನ್ಯ’ ಎಂದು ಕರೆದರೆ ನಿಮಗೂ ನಗು ಬರುತ್ತದೆ, ನನಗೂ ಬರುತ್ತದೆ. ಹಾಗಾಗಿ ಹಳೆಯ ರೀತಿಯಲ್ಲೇ ಕೂಗುತ್ತೇನೆ.

ರೀ,

ನೀವು ಕಳಿಸಿದ ಪ್ರಶ್ನೆ ಚಿಹ್ನೆ ತಲುಪಿತು.

ಹದಿನೈದು ದಿನಕ್ಕೊಮ್ಮೆ ನಾನು ಈ ಹಿನ್ನೀರಿನ ಒಂದು ಬಾಟಲಿ ನಿಮ್ಮ ಲ್ಯಾಬಿಗೆ ಕಳಿಸುವುದು, ನೀವು ಅದನ್ನು ಪರೀಕ್ಷೆ ಮಾಡಿ ‘ಸಿಂಪಿ ಬೆಳೆಗೆ ಯೋಗ್ಯ’ ಎಂದು ಮುದ್ರೆ ಒತ್ತಿ ವರದಿ ಕಳಿಸುವುದು. ಎರಡು ವರ್ಷದಿಂದ ನಮ್ಮಿಬ್ಬರ ನಡುವೆ ಉಳಿದಿರುವ ವ್ಯವಹಾರ ಇಷ್ಟೇ. ಶನಿವಾರ ಬಂದ ವರದಿಯಲ್ಲಿ ಮಾತ್ರ, ಮುದ್ರೆಯ ಪಕ್ಕದಲ್ಲಿ, ಪೆನ್ಸಿಲಿನಲ್ಲಿ, ಅಕ್ಕಿಕಾಳಿನಷ್ಟು ಚಿಕ್ಕದೊಂದು ಪ್ರಶ್ನೆ ಚಿಹ್ನೆ ಇತ್ತು. ಎರಡು ವರ್ಷದಲ್ಲಿ ನೀವು ನನಗೆ ಬರೆದ ಮೊದಲ ಅಕ್ಷರ ಅದು, ಅದೂ ಅಕ್ಷರವಲ್ಲ! ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. “ನನ್ನ ಮಗ ಚಿಕ್ಕಂದಿನಿಂದ್ಲೂ ಹೀಗೇ. ಹಾಲು ಕುಡಿಯೋಕ್ ಮುಂಚೆ ಲೋಟದೊಳಗೆ ಇಣುಕಿ ನೋಡ್ತಿದ್ದ. ಏನೋ ಕಂಡಿರ್ಬೇಕು ಅವನಿಗೆ,” ಎಂದರು.

ಎರಡು ತಿಂಗಳ ಹಿಂದೆ ಅಷ್ಟು ದೊಡ್ಡ ಮಳೆ ಬಿದ್ದು ಎಲ್ಲಾ ಕಡೆಯ ನೀರೂ ಕೆಟ್ಟಿರುವಾಗ ನಮ್ಮ ಹಿನ್ನೀರು ಮಾತ್ರ ಹೇಗೆ ಇಷ್ಟು ಶುದ್ಧವಾಗಿದೆ ಎಂದು ತಾನೇ ನಿಮ್ಮ ಪ್ರಶ್ನೆ? ಉತ್ತರ ನನ್ನ ಹತ್ತಿರ ಇದೆ. ಅದನ್ನು ಇವತ್ತೇ ಬರೆಯಬೇಕು. ಒಂದನೇ ತಾರೀಖಿನಿಂದ ಕಟಾವು ಶುರು. ಹನ್ನೊಂದು ಮನೆಯವರು ಒಂದೂವರೆ ವರ್ಷ ಸಾಕಿದ, ಜನ ತಿನ್ನುವ ಸಿಂಪಿ ಅಂಗೈ ಅಗಲ ಆಗಿ ನೀರಿಗೆ ಇಳಿಬಿಟ್ಟ ಬುಟ್ಟಿಗಳಲ್ಲಿ ತುಂಬಿವೆ. ನಿಮ್ಮ ಮುದ್ರೆ ಇದ್ದರೆ ಎಲ್ಲರೂ ನೀರಿಗೆ ಇಳಿಯುತ್ತಾರೆ, ಇಲ್ಲದಿದ್ದರೆ ಹಿನ್ನೀರಿಗೆ ಬೀಗ. ಐದು ಗಂಟೆಗೆ ಬಾಟಲಿ ಒಯ್ಯಲು ನಿಮ್ಮ ವ್ಯಾನು ಬರುತ್ತದೆ. ಅಷ್ಟರೊಳಗೆ ಮುಗಿಸುವ ಆತುರದಲ್ಲಿ ಅಕ್ಷರ ಸೊಟ್ಟಗಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೊಟ್ಟೆ ಎಂದಾಗ ನೆನಪಾಯಿತು. ನೀವು ಹೊಟ್ಟೆ ಕೆಟ್ಟು ಆಸ್ಪತ್ರೆಯಲ್ಲಿ ಎರಡು ದಿನ ಡ್ರಿಪ್ ಹಾಕಿಸಿಕೊಂಡಿರಂತೆ, ವ್ಯಾನಿನ ಡ್ರೈವರ್ ಹೋದ ಸಲ ಹೇಳಿದ. ಹೋಟೆಲಿನ ಎಣ್ಣೆಯೇ ಕಾರಣ ಎಂದು ಅತ್ತೆ ನೀವಿರುವ ಊರಿನ ಹೋಟೆಲಿನವರಿಗೆಲ್ಲ ಇಲ್ಲಿಂದಲೇ ಶಾಪ ಹಾಕಿದರು. ನಾನೂ ಹೂಂಗುಟ್ಟಿದೆ. ಈಗ ಹೇಗಿದ್ದೀರಿ? ಊಟ ಸೇರುತ್ತಿದೆಯೇ?

ಏಳನೇ ಗೂಟದ ವಿಷಯಕ್ಕೆ ಬರುತ್ತೇನೆ. ನೀವು ಹೊರಟ ದಿನ ನಿಮಗೆ ನೆನಪಿದೆಯೋ ಇಲ್ಲವೋ, ನನಗಂತೂ ನಿನ್ನೆ ಮೊನ್ನೆಯ ಹಾಗಿದೆ. ನಾನು ಐಸು ಹಾಕಿದ್ದು ಅಂದಾಜಿನ ಮೇಲೆ ಎಂದು, ಮಾರಾಟಕ್ಕೆ ತೆಗೆದಿದ್ದ ನಲವತ್ತು ಬುಟ್ಟಿ ಸಿಂಪಿಯನ್ನು ಹನ್ನೊಂದು ಮನೆಯವರ ಕಣ್ಣೆದುರು ನೀವು ವಾಪಸ್ ನೀರಿಗೆ ಸುರಿಸಿದಿರಿ. ಐಸು ಸಾಕಿತ್ತೋ ಇಲ್ಲವೋ, ನನ್ನ ಮಾನ ಮಾತ್ರ ಕರಗಿ ಹೋಯಿತು. “ಅಷ್ಟೊಂದು ಅಳತೆ ಬೇಕಿದ್ರೆ ಲ್ಯಾಬಿನಲ್ಲೇ ಹೋಗಿ ಸಂಸಾರ ಮಾಡಿ,” ಎಂದೆ. ಸಿಟ್ಟಿನಲ್ಲಿ ಹೆಂಡತಿ ಸಾವಿರ ಮಾತಾಡುತ್ತಾಳೆ. ಅದರಲ್ಲಿ ಒಂದನ್ನು ಇಷ್ಟು ಕಟ್ಟುನಿಟ್ಟಾಗಿ ಪಾಲಿಸಿದ ಗಂಡ ನೀವೊಬ್ಬರೇ ಇರಬೇಕು!

ಹೊರಡುವ ಮುಂಚೆ ನೀವು ಮೊಣಕಾಲುದ್ದ ಕೆಸರಿಗೆ ಇಳಿದು, ಮೇಲಿನ ಬಡಾವಣೆಯ ಮೋರಿ ಹಿನ್ನೀರಿಗೆ ಸೇರುವ ಬಾಯಲ್ಲೇ ಒಂದು ಗೂಟ ಹೊಡೆದು ಕೆಂಪು ಬಟ್ಟೆ ಕಟ್ಟಿದಿರಿ. ಆರು ಗೂಟ ಮೊದಲೇ ಇದ್ದವು, ಇದು ಏಳನೆಯದು. “ಪರೀಕ್ಷೆಗೆ ನೀರು ಇಲ್ಲಿಂದ್ಲೇ ತೆಗಿ. ಅನುಕೂಲ ಇರೋ ಜಾಗದಿಂದ ಅಲ್ಲ, ಅನುಮಾನ ಇರೋ ಜಾಗದಿಂದ,” ಎಂದಿರಿ. ನಾನು ಮುಖ ತಿರುಗಿಸಿಕೊಂಡು ನಿಂತಿದ್ದೆ, ಆದರೆ ಕಿವಿಯನ್ನೇನೂ ಮುಚ್ಚಿಕೊಂಡಿರಲಿಲ್ಲ.

ರೀ, ಎಂಟು ತಿಂಗಳಿಂದ ನಾನು ಏಳನೇ ಗೂಟದ ನೀರು ಕಳಿಸಿಲ್ಲ.

ಮೊದಲು ಕಳಿಸುತ್ತಿದ್ದೆ, ಆ ಪುಣ್ಯ ನನ್ನ ಲೆಕ್ಕಕ್ಕಿರಲಿ. ಆಮೇಲೆ ಒಂದು ದಿನ ಆ ಕೆಸರಿನಲ್ಲಿ ಬಿದ್ದು, ಒಂದು ಬೂಟು ಒಳಗೇ ಉಳಿದು, ಒಂಟಿ ಬೂಟಿನಲ್ಲಿ ಕುಂಟುತ್ತಾ ಮನೆಗೆ ಬಂದೆ. ಮುಂದಿನ ಸಲ ದೋಣಿಯಿಂದಲೇ, ಬುಟ್ಟಿಗಳ ಸಾಲಿನ ನಡುವೆ ಬಾಟಲಿ ಅದ್ದಿದೆ. ನೀರು ನೀರೇ ತಾನೆ, ಎಲ್ಲಿ ತೆಗೆದರೇನು ಎಂದುಕೊಂಡೆ. ಚೀಟಿಯ ಮೇಲೆ ಮಾತ್ರ ‘ಏಳನೇ ಗೂಟ’ ಎಂದೇ ಬರೆದೆ. ಒಂದು ಸಲ ಬರೆದ ಮೇಲೆ ಎರಡನೇ ಸಲ ಬರೆಯುವುದು ಸುಲಭವಾಯಿತು. ಇದರಲ್ಲಿ ಸೋಮಾರಿತನ ಎಷ್ಟು, ನಿಮ್ಮ ಗೂಟಕ್ಕೆ ಸೆಡ್ಡು ಹೊಡೆಯುವ ಹಟ ಎಷ್ಟು ಎಂದು ನೀವು ಕೇಳಿದರೆ ಅಳತೆ ಹೇಳಲು ನನಗೆ ಬರುವುದಿಲ್ಲ.

ನಿಮ್ಮ ಪ್ರಶ್ನೆ ಚಿಹ್ನೆ ಬಂದ ಮೇಲೆ ನನಗೂ ತಲೆಯೊಳಗೆ ಹುಳ ಹೊಕ್ಕಿತು. ಭಾನುವಾರ ಬೆಳಿಗ್ಗೆ ಎರಡೂ ಕಡೆಯ ನೀರು ತಂದು, ಅಡುಗೆಮನೆ ಕಿಟಕಿಯಲ್ಲಿ ಪಕ್ಕಪಕ್ಕ ಇಟ್ಟೆ. ಬುಟ್ಟಿಗಳ ನಡುವಿನ ನೀರಿನಲ್ಲಿ ಆಚೆಯ ಗೋಡೆಯ ಬಿರುಕು ಕೂಡ ಕಾಣುತ್ತಿತ್ತು. ಏಳನೇ ಗೂಟದ್ದು ಪಾತ್ರೆ ತೊಳೆದ ನೀರಿನ ಹಾಗಿತ್ತು. ಎರಡು ಜಾಗಕ್ಕೆ ಇರುವ ದೂರ ನೂರು ಮಾರು ಕೂಡ ಇಲ್ಲ. ನಡುವೆ ಇರುವುದು ನಮ್ಮ ಸಿಂಪಿಗಳು ಮಾತ್ರ. ಇವುಗಳದ್ದೇ ಕೆಲಸ ಇರಬಹುದೇ ಎಂದು, ಎರಡು ಗಾಜಿನ ಭರಣಿ ತೆಗೆದುಕೊಂಡು ಎರಡಕ್ಕೂ ಗೂಟದ ನೀರನ್ನೇ ತುಂಬಿ, ಒಂದರಲ್ಲಿ ಮಾತ್ರ ಐದು ಸಿಂಪಿ ಬಿಟ್ಟೆ.

ಮೊದಲನೆಯ ಗಂಟೆ ಏನೂ ಆಗಲಿಲ್ಲ. ನಾನು ಎತ್ತಿ ಇಳಿಸಿದ್ದಕ್ಕೆ ಮುನಿಸಿಕೊಂಡು ಐದೂ ಬಾಯಿ ಮುಚ್ಚಿ ಕೂತಿದ್ದವು. ಮುನಿಸಿಕೊಂಡವರನ್ನು ಪದೇ ಪದೇ ಕೆಣಕಿದರೆ ಇನ್ನೂ ಬಿಗಿಯುತ್ತಾರೆ ಎಂಬುದು ನನಗೆ ಅನುಭವದಿಂದ ಗೊತ್ತು. ಸುಮ್ಮನೆ ಬಿಟ್ಟು ಬಟ್ಟೆ ಒಗೆಯಲು ಹೋದೆ. ಬಂದು ನೋಡಿದರೆ ಕೂದಲೆಳೆಯಷ್ಟು ಬಾಯಿ ತೆರೆದಿದ್ದವು. ಅಡುಗೆ ಮುಗಿಯುವ ಹೊತ್ತಿಗೆ ಆ ಭರಣಿಯ ನೀರು ತಿಳಿಯಾಗಿತ್ತು, ಪಕ್ಕದ್ದು ಇದ್ದ ಹಾಗೇ ಇತ್ತು. ಹದಿನಾಲ್ಕು ವರ್ಷದಿಂದ ಸಿಂಪಿ ಸಾಕುತ್ತಿದ್ದೇನೆ. ಅವು ಹೊಟ್ಟೆಪಾಡಿಗೆ ನೀರು ಸೋಸುತ್ತವೆ ಎಂದು ನೀವು ನೂರು ಸಲ ಹೇಳಿದ್ದೀರಿ. ಕಿವಿಯಲ್ಲಿ ಕೇಳಿದ್ದೆ, ಕಣ್ಣಿನಲ್ಲಿ ನೋಡಿದ್ದು ಈಗಲೇ.

ಅವತ್ತಿನ ಮಧ್ಯಾಹ್ನವೆಲ್ಲ ನನಗೆ ಬೇರೆ ಕೆಲಸವೇ ಓಡಲಿಲ್ಲ. ದೋಣಿ ತೆಗೆದುಕೊಂಡು ಸಾಲುಗಳ ನಡುವೆ ಮೆಲ್ಲಗೆ ಹೋಗುತ್ತಾ ಬಗ್ಗಿ ನೋಡಿದೆ. ನೀವಿದ್ದಾಗ ಬೋಳಾಗಿದ್ದ ತಳದಲ್ಲಿ ಈಗ ಹುಲ್ಲು ಬೆಳೆದಿದೆ ಕಣ್ರೀ. ನೀರು ತಿಳಿಯಾಗಿ ಬಿಸಿಲು ಕೆಳಗೆ ಇಳಿದದ್ದಕ್ಕೇ ಇರಬೇಕು. ಆ ಹುಲ್ಲಿನಲ್ಲಿ ಉಗುರಿನಷ್ಟು ಸೀಗಡಿ ಮರಿಗಳು, ಗಾಜಿನಂಥ ಮೈಯ ಮೀನುಮರಿಗಳು. ಹುಲ್ಲಿಗೆ ಬಾಲ ಸುತ್ತಿಕೊಂಡು ನಿಂತಿದ್ದ ಒಂದು ಕಡಲಕುದುರೆ ನನ್ನನ್ನು ನೋಡಿಯೂ ನೋಡದ ಹಾಗೆ ಅತ್ತ ತಿರುಗಿತು. ಪ್ರತಿ ವರ್ಷ ಕುಸಿಯುತ್ತಿದ್ದ ದಡ ಕೂಡ, ಸಾಲುಗಳ ಹಿಂದಿರುವಷ್ಟು ಉದ್ದ ನಿಂತಲ್ಲೇ ನಿಂತಿದೆ. ಅಲೆಯ ಏಟನ್ನು ಮೊದಲು ತಿನ್ನುವುದು ಬುಟ್ಟಿಗಳು. ನಾವು ಇವಕ್ಕೆ ಒಂದು ಹಿಡಿ ಮೇವು ಹಾಕಿದವರಲ್ಲ, ಗೊಬ್ಬರ ಚೆಲ್ಲಿದವರಲ್ಲ. ತಿಂದವರು ಚಿಪ್ಪನ್ನು ತೊಳೆದು ವಾಪಸ್ ಕೊಡಬೇಕು, ಹೊಸ ಮರಿಗಳು ಕೂರಲು ಹಳೆಯ ಚಿಪ್ಪು ಬೇಕು ಎಂಬ ನಿಮ್ಮ ಅಪ್ಪನ ಕಾಲದ ಕಟ್ಟಳೆಯೊಂದನ್ನು ಬಿಟ್ಟರೆ ಇವಕ್ಕಾಗಿ ನಾವು ಮಾಡಿದ್ದೇನೂ ಇಲ್ಲ. ನನಗೆ ಹೆಮ್ಮೆಯಾಯಿತು. ಅದರ ಜೊತೆಗೇ, ನಮ್ಮ ಸಿಂಪಿಗಳೇ ನೀರು ತೊಳೆಯುತ್ತಿರುವಾಗ ಯಾವ ಗೂಟದ ನೀರಾದರೇನು ಎಂದು ನನ್ನ ತಪ್ಪಿಗೆ ಒಂದು ಸೊಗಸಾದ ನೆಪವೂ ಸಿಕ್ಕಿತು. ಇದನ್ನೆಲ್ಲ ನಿಮಗೆ ಬರೆದು ಬೀಗಬೇಕೆಂದು ಅಂದೇ ಹಾಳೆ ತೆಗೆದೆ.

ಅಷ್ಟರಲ್ಲಿ ಅತ್ತೆ ಭರಣಿಯ ಮುಂದೆ ಬಂದು ನಿಂತರು. ಬಹಳ ಹೊತ್ತು ನೋಡಿ, “ನೀರೇನೋ ಚೆನ್ನಾಗೇ ಆಯ್ತು. ಕೊಳೆ ಎಲ್ಲಿ ಹೋಯ್ತು?” ಎಂದರು.

ತಳಕ್ಕೆ ಇಳಿದಿದೆ ಎಂದೆ. ಭರಣಿಯ ತಳದಲ್ಲಿ ಕೆಸರು ದಾರದ ತುಂಡುಗಳ ಹಾಗೆ ಬಿದ್ದಿತ್ತು, ಬೇಡದ್ದನ್ನು ಅವು ಹಾಗೆ ಉಗುಳುತ್ತವೆ. ಅತ್ತೆ ಅಷ್ಟಕ್ಕೆ ಬಿಡುವವರೇ? “ಕಣ್ಣಿಗೆ ಕಾಣೋದು ಉಗುಳ್ತು. ಕಾಣ್ದೇ ಇರೋದು?” ಎಂದು ಕೇಳಿ ಒಳಗೆ ಹೋಗಿ ಮಲಗಿದರು. ಅವರು ಮಲಗಿದರು, ನನ್ನ ನಿದ್ದೆ ಹಾರಿಹೋಯಿತು. ಕಾಣದ ಕೊಳೆ ಸಿಂಪಿಯ ಹೊಟ್ಟೆಯಲ್ಲಿ ಉಳಿದಿದೆ. ನೀರು ಎಲ್ಲಿ ಹೆಚ್ಚು ತಿಳಿಯಾಗಿದೆಯೋ ಅಲ್ಲಿಯ ಸಿಂಪಿಯೇ ಹೆಚ್ಚು ಕುಡಿದಿದೆ. ನಾನು ಎಂಟು ತಿಂಗಳಿಂದ ಸಿಂಪಿ ಸೋಸಿ ಬಿಟ್ಟ ನೀರನ್ನು ನಿಮಗೆ ಕಳಿಸಿ, ಅದರ ಮೇಲೆ ಯೋಗ್ಯ ಎಂಬ ಮುದ್ರೆ ಹಾಕಿಸಿಕೊಂಡಿದ್ದೇನೆ.

ಸೋಮವಾರ ಮೋರಿಯ ಗುಂಟ ಮೇಲಕ್ಕೆ ನಡೆದೆ. ಕೊಳೆ ಎಲ್ಲಿ ಹೋಯಿತು ಎಂದು ತಿಳಿದಿತ್ತು, ಎಲ್ಲಿಂದ ಬಂತು ಎಂದು ತಿಳಿಯಬೇಕಿತ್ತು. ಬಹಳ ದೂರ ಹೋಗಬೇಕಾಗಲಿಲ್ಲ. ಹೊಸ ಮನೆಗಳ ಸಾಲಿನ ಹಿಂದೆ, ಆ ದೊಡ್ಡ ಮಳೆಗೆ ಕುಸಿದ ಮಣ್ಣಿನ ಕೆಳಗೆ, ಕಕ್ಕಸಿನ ದೊಡ್ಡ ಪೈಪು ಒಡೆದು ನೇರ ಮೋರಿಗೆ ಸುರಿಯುತ್ತಿತ್ತು. ಎರಡು ತಿಂಗಳಿಂದ ಸುರಿಯುತ್ತಿರಬೇಕು. ನಾನು ನಿಮ್ಮ ಗೂಟದ ಹತ್ತಿರ ಒಂದೇ ಒಂದು ಬಾಟಲಿ ಅದ್ದಿದ್ದರೂ ಇದು ಮೊದಲ ಹದಿನೈದು ದಿನದಲ್ಲೇ ಸಿಕ್ಕಿಬೀಳುತ್ತಿತ್ತು.

ನಿನ್ನೆ ಮಂಗಳವಾರ, ಪೈಪು ರಿಪೇರಿ ಮಾಡಿಸಿ ಎಂದು ನಗರಸಭೆ ಕಚೇರಿಗೆ ಹೋದೆ. ಗುಮಾಸ್ತರು ಒಳ್ಳೆಯ ಮನುಷ್ಯರೇ, ಕುರ್ಚಿ ಕೊಟ್ಟರು, ಫ್ಯಾನು ನನ್ನ ಕಡೆ ತಿರುಗಿಸಿದರು. ಆಮೇಲೆ ಒಂದು ಫೈಲು ತೆರೆದು ನನ್ನ ಮುಂದೆ ಇಟ್ಟರು. “ಮೋರಿ ಬಾಯಿನ ನೀರಿನ ವರದಿ ಇಲ್ಲೇ ಇದೆಯಲ್ಲಮ್ಮಾ. ಹೋದ ವಾರದ್ದೇ. ಏಳನೇ ಗೂಟ, ಯೋಗ್ಯ. ನಮ್ಮಲ್ಲಿ ಇಷ್ಟು ಶಿಸ್ತಾಗಿ ವರದಿ ಬರೋದು ನಿಮ್ಮ ಹಿನ್ನೀರಿಂದ ಮಾತ್ರ. ಇದಿರೋವಾಗ ಪೈಪು ಅಗೆಸೋಕೆ ನಾನು ಯಾವ ಆಧಾರ ತೋರಿಸ್ಲಿ, ನೀವೇ ಹೇಳಿ,” ಎಂದರು. ಕೆಳಗೆ ನಿಮ್ಮ ಸಹಿ. ಮೇಲೆ ನನ್ನ ಕೈಬರಹದ ಚೀಟಿಯ ನಕಲು. ನನ್ನ ಸುಳ್ಳನ್ನು ನನ್ನ ಮುಂದೆಯೇ ಅಷ್ಟು ಮರ್ಯಾದೆಯಿಂದ ಯಾರೂ ಹಿಡಿದಿರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಅಲ್ಲಿ ಕೂತು ಯೋಚನೆ ಮಾಡಿದೆ. ನಿಜವಾದ ನೀರು ಕಳಿಸಿದರೆ ನೀವು ಮುದ್ರೆ ಒತ್ತುವುದಿಲ್ಲ, ಹಿನ್ನೀರಿಗೆ ಬೀಗ ಬೀಳುತ್ತದೆ, ಒಂದನೇ ತಾರೀಖು ಹನ್ನೊಂದು ಮನೆಯವರೂ ಕೈಕಟ್ಟಿ ಕೂರಬೇಕು. ಕಳಿಸದಿದ್ದರೆ ಪೈಪು ಹಾಗೇ ಇರುತ್ತದೆ, ಅದನ್ನು ಕುಡಿದ ಸಿಂಪಿ ಯಾರ ಯಾರ ಮನೆಗೋ ಹೋಗುತ್ತದೆ, ಯಾರ ಮಗು ತಿನ್ನುತ್ತದೋ ಗೊತ್ತಿಲ್ಲ. ಸುಮ್ಮನಿದ್ದುಬಿಡು, ನಡೆಯುತ್ತೆ ಎಂದು ಒಳಗೊಬ್ಬಳು ಹೇಳುತ್ತಲೇ ಇದ್ದಳು. ನೀವು ಹನ್ನೆರಡು ವರ್ಷ ಜಗಳವಾಡಿದ್ದು ಆ ಒಳಗಿನವಳ ಜೊತೆಗೆ ಎಂದು ನನಗೆ ಅಲ್ಲಿ ಅರ್ಥವಾಯಿತು.

ಇವತ್ತು ಬೆಳಿಗ್ಗೆ ಎಲ್ಲರನ್ನೂ ದೋಣಿಮನೆಗೆ ಕರೆದೆ. ಎರಡು ಭರಣಿಗಳನ್ನೂ ಮೇಜಿನ ಮೇಲೆ ಇಟ್ಟು, ಎಂಟು ತಿಂಗಳ ಕಥೆ ಒಂದೂ ಬಿಡದೆ ಹೇಳಿದೆ. ಬಲೆ ಹೆಣೆಯುವ ಅಕ್ಕ, ಗೊತ್ತಲ್ಲ, ನನ್ನ ಪಕ್ಕದ ಸಾಲಿನವರು, ಭರಣಿಯನ್ನು ನೋಡಲೂ ಇಲ್ಲ. “ನಿನ್ನನ್ನ ನಂಬಿ ನೀರು ತೆಗೆಯೋ ಕೆಲಸ ಕೊಟ್ವಲ್ಲ ನಾವು,” ಎಂದು ಎದ್ದು ಹೋದರು. ಬೈದಿದ್ದರೆ ವಾಸಿ ಇತ್ತು. ಉಳಿದವರಲ್ಲಿ ದೋಣಿ ಕಟ್ಟುವ ಮಾವ ಮೊದಲು ಎದ್ದು ಬಂದರು. ಭರಣಿ ಎತ್ತಿ ಬೆಳಕಿಗೆ ಹಿಡಿದರು, ಮೂಸಿದರು, ಕೆಳಗಿಟ್ಟರು. ಆಮೇಲೆ ಬುಟ್ಟಿ ಎತ್ತುವ ತಮ್ಮ ಕೊಕ್ಕೆಯನ್ನು ತಂದು ಗೋಡೆಯ ಮೊಳೆಗೆ ನೇತುಹಾಕಿದರು. ಕಟಾವು ಇಲ್ಲ ಎಂದು ಹೇಳುವ ಬಗೆ ಅದು. ಒಬ್ಬೊಬ್ಬರೇ ತಂದು ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಹತ್ತು ಕೊಕ್ಕೆ ಆದವು. ಅಕ್ಕನದ್ದು ಇನ್ನೂ ಬಂದಿಲ್ಲ. ಸದ್ಯ, ಕಟಾವಿಗೆ ಮುಂಚೆ ಗೊತ್ತಾಯಿತು, ಈ ಎರಡು ತಿಂಗಳಲ್ಲಿ ನಮ್ಮ ಸಿಂಪಿ ಯಾರೂ ತಿಂದಿಲ್ಲ ಎಂದು ಎಲ್ಲರಿಗೂ ಧೈರ್ಯ ಹೇಳಿ ಕಳಿಸಿದೆ.

ಎರಡು ಗಂಟೆಗೆ, ಕಡಲಿನ ಇಳಿತಕ್ಕೆ ನೀರು ತಗ್ಗಿದಾಗ, ಕೆಸರಿಗೆ ಇಳಿದೆ. ನಿಮ್ಮ ಗೂಟದ ಕೆಂಪು ಬಟ್ಟೆ ಬಿಸಿಲಿಗೆ ಬಿಳಿಚಿದೆ, ಗೂಟ ಮಾತ್ರ ಅಲುಗಾಡಿಲ್ಲ. ಅದರ ಮೈತುಂಬ ಸಿಂಪಿ ಮರಿಗಳು ಕೂತಿವೆ, ಒಂದು ಕೈ ಹಿಡಿಯಲೂ ಜಾಗವಿಲ್ಲ. ಎಡಗೈಯಲ್ಲಿ ಗೂಟ ಹಿಡಿಯಲು ಹೋಗಿ ಅಂಗೈ ಕೊಯ್ದುಕೊಂಡೆ, ಗಾಬರಿ ಬೇಡ, ಚಿಕ್ಕ ಗಾಯ. ಬಲಗೈಯಲ್ಲಿ ಬಾಟಲಿ ಅದ್ದಿದೆ. ನೀವು ಹೇಳಿಕೊಟ್ಟ ಹಾಗೆ ಬಾಯಿ ಪ್ರವಾಹದ ಕಡೆ, ಮೊಣಕೈವರೆಗೆ ಆಳ. ಆ ಬಾಟಲಿ ಈ ಪೆಟ್ಟಿಗೆಯಲ್ಲಿದೆ. ಐಸನ್ನು ಅಂದಾಜಿನ ಮೇಲೆ ಹಾಕಿಲ್ಲ, ತೂಗಿ ಹಾಕಿದ್ದೇನೆ, ಥರ್ಮಾಮೀಟರೂ ಒಳಗೇ ಇದೆ. ನೋಡಿಕೊಳ್ಳಿ.

ಬಾಟಲಿಯ ಜೊತೆ ಬೇರೆ ಲಕೋಟೆಯಲ್ಲಿ ನಿಮ್ಮ ಮೇಲಧಿಕಾರಿಗಳಿಗೆ ಒಂದು ಪತ್ರ ಇದೆ. ಎಂಟು ತಿಂಗಳ ಚೀಟಿಗಳಲ್ಲಿ ಜಾಗ ತಪ್ಪಾಗಿ ಬರೆದವಳು ನಾನು, ಪರೀಕ್ಷಕರಿಗೆ ಇದು ತಿಳಿದಿರಲಿಲ್ಲ ಎಂದು ಬರೆದು ಸಹಿ ಮಾಡಿದ್ದೇನೆ. ದಯವಿಟ್ಟು ಅದನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಡಿ. ನೀವು ಹಾಗೆ ಮಾಡುವವರಲ್ಲ ಎಂದು ಗೊತ್ತು, ಆದರೂ ಹೇಳಿದೆ. ನಿಮ್ಮ ಹೊಸ ವರದಿ ಬಂದ ದಿನ ಅದನ್ನು ಹಿಡಿದುಕೊಂಡು ಆ ಗುಮಾಸ್ತರ ಮುಂದೆ ಹೋಗಿ ಕೂರುತ್ತೇನೆ, ಪೈಪು ಅಗೆಯುವವರೆಗೆ ಏಳುವುದಿಲ್ಲ.

ವ್ಯಾನಿನ ಸದ್ದು ಕೇಳುತ್ತಿದೆ. ಮಾತು ಮುಗಿದಿಲ್ಲ, ಹಾಳೆ ಮುಗಿಯಿತು. ನೀವು ಅಂದು ಬುಟ್ಟಿ ಸುರಿಸಿದ್ದು ಸರಿ ಎಂದು ನಾನು ಇಂದೂ ಒಪ್ಪುವುದಿಲ್ಲ, ಹನ್ನೊಂದು ಮನೆಯವರ ಮುಂದೆ ಸುರಿಸಬಾರದಿತ್ತು. ಗೂಟ ಹೊಡೆದದ್ದು ಸರಿ. ಅದನ್ನು ಒಪ್ಪುತ್ತೇನೆ.

ಇಂತಿ,
ನೀವು ಹೆಸರಿಟ್ಟ
ಅಂದಾಜಮ್ಮ

ಮರೆತ ಮಾತು: ಡ್ರೈವರಿಗೆ ನೀರು ಕುಡಿಯಲು ಕೊಟ್ಟು, ನಿಲ್ಲಿಸಿಕೊಂಡು ಇದನ್ನು ಬರೆಯುತ್ತಿದ್ದೇನೆ. ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ನಮ್ಮ ಸಿಂಪಿ ಯಾರೂ ತಿಂದಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ನೀವು ತಿಂದಿದ್ದೀರಿ. ಎರಡು ವರ್ಷದಿಂದ ಪ್ರತಿ ಪೆಟ್ಟಿಗೆಯಲ್ಲೂ, ಬಾಟಲಿಯ ಕೆಳಗೆ, ಐಸಿನಡಿಯಲ್ಲಿ ಹನ್ನೆರಡು ಸಿಂಪಿ ಇಡುತ್ತಿದ್ದವಳು ನಾನು. ಅತ್ತೆಗೂ ಗೊತ್ತಿಲ್ಲ. ನೀವೂ ಒಂದು ಮಾತು ಕೇಳಲಿಲ್ಲ, ಹನ್ನೆರಡು ಜೊತೆ ಚಿಪ್ಪು ತೊಳೆದು ಒರೆಸಿ ಅದೇ ಪೆಟ್ಟಿಗೆಯಲ್ಲಿ ವಾಪಸ್ ಕಳಿಸುತ್ತಿದ್ದಿರಿ. ನಾನು ಅವನ್ನು ಎಣಿಸಿಯೇ ನೀರಿಗೆ ಬಿಡುತ್ತಿದ್ದೆ. ಹೋದ ಸಲವೂ ಹನ್ನೆರಡೂ ಬಂದವು. ನಿಮ್ಮನ್ನು ಆಸ್ಪತ್ರೆಗೆ ಕಳಿಸಿದ್ದು ಹೋಟೆಲಿನ ಎಣ್ಣೆಯಲ್ಲ ರೀ, ನನ್ನ ಪೆಟ್ಟಿಗೆ. ಡಾಕ್ಟರಿಗೆ ಹೇಳಿಬಿಡಿ.

ಈ ಸಲ ಐಸಿನಡಿ ಹುಡುಕಬೇಡಿ, ಏನೂ ಇಟ್ಟಿಲ್ಲ. ಒಂದು ಡಜನ್ ಬೇರೆ ತೆಗೆದು, ಆಳದ ಶುದ್ಧ ನೀರಿಗೆ ಇಳಿಸಿದ್ದೇನೆ. ಒಳಗಿನದ್ದನ್ನೆಲ್ಲ ಬಿಟ್ಟು ಚೊಕ್ಕಟವಾಗಲು ಅವಕ್ಕೆ ಎಷ್ಟು ದಿನ ಬೇಕು? ಪರೀಕ್ಷೆ ಮಾಡಿ ದಿನ ಹೇಳಿ, ಅಂದಾಜು ಬೇಡ. ಅವನ್ನು ವ್ಯಾನಿನಲ್ಲಿ ಕಳಿಸುವುದಿಲ್ಲ, ನೀವೇ ಬರಬೇಕು. ಸಿಂಪಿಯ ವಾಸನೆಗೇ ನನಗೆ ಓಕರಿಕೆ ಬರುತ್ತದೆ, ಹದಿನಾಲ್ಕು ವರ್ಷದಲ್ಲಿ ಒಂದನ್ನೂ ಬಾಯಿಗೆ ಇಟ್ಟವಳಲ್ಲ ಎಂದು ನಿಮಗೆ ಗೊತ್ತು. ಮೊದಲನೆಯದನ್ನು ನಾನು ತಿನ್ನುತ್ತೇನೆ.